ಸುಡುವುದು ಮೋಟಾರು, ಸೋಲುವುದು ಬೇರಿಂಗು

ಎಣ್ಣೆಬಾವಿಯಲ್ಲಿ ಕೆಟ್ಟುನಿಂತ ಸಬ್‌ಮರ್ಸಿಬಲ್ ಪಂಪನ್ನು ಮೇಲೆತ್ತಿ, ಬಿಚ್ಚಿ ನೋಡಿ ಬರೆದ ವರದಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಾಲೊಂದಿದೆ: ‘ಮೋಟಾರ್ ಸುಟ್ಟಿದೆ.’ ಸಾಲು ಸುಳ್ಳಲ್ಲ. ಸುರುಳಿ ಕರಕಲಾಗಿರುತ್ತದೆ, ಮೋಟಾರಿನೊಳಗಿನ ಎಣ್ಣೆಗೆ ಬಾವಿಯ ಉಪ್ಪುನೀರು ಬೆರೆತಿರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕೊನೆಗೆ ಏನಾಯಿತು ಎಂಬುದು ಮಾತ್ರ ತಿಳಿದಂತಾಯಿತು, ಯಾಕಾಯಿತು ಎಂಬುದು ತಿಳಿಯಲಿಲ್ಲ. ಮರಳು ಬರುವ ಬಾವಿಗಳಲ್ಲಿ ಕೇಡು ಶುರುವಾಗುವುದು ಎಷ್ಟೋ ಸಲ ಬೇರೆ ಕಡೆ. ಮೋಟಾರು ಸುಡುವುದಕ್ಕೆ ವಾರಗಳ ಅಥವಾ ತಿಂಗಳುಗಳ ಮೊದಲೇ, ಅದಕ್ಕಿಂತ ಹತ್ತಾರು ಅಡಿ ಮೇಲಿರುವ ಪಂಪಿನೊಳಗೆ, ಶಾಫ್ಟನ್ನು ನೆಟ್ಟಗೆ ಹಿಡಿದಿಡುವ ಸಣ್ಣ ಬೇರಿಂಗುಗಳು ಸವೆದು ಸಡಿಲಾಗಿರುತ್ತವೆ. ಇಂಥ ಬಾವಿಯಲ್ಲಿ ಪಂಪಿನ ಆಯುಸ್ಸನ್ನು ತೀರ್ಮಾನಿಸುವುದು ಈ ಬೇರಿಂಗೇ. ಹಾಗಾಗಿ ಅದರ ಬೆಲೆಯನ್ನು ಬಿಡಿಭಾಗದ ಪಟ್ಟಿಯಲ್ಲಿ ನೋಡಿದರೆ ಸಾಲದು, ಪಂಪನ್ನು ಒಮ್ಮೆ ಮೇಲೆತ್ತಲು ತಗಲುವ ಖರ್ಚಿನ ಪಕ್ಕದಲ್ಲಿಟ್ಟು ನೋಡಬೇಕು. ಈ ಲೇಖನದ ವಾದ ಇಷ್ಟೇ. ಹೇಳಲು ಸರಳವಾದ ಈ ಮಾತು ಖರೀದಿಯ ಮೇಜಿನ ಮೇಲೆ ಸುಲಭವಾಗಿ ಸೋಲುತ್ತದೆ ಎಂಬ ಕಾರಣಕ್ಕೇ ಅದನ್ನು ವಿವರವಾಗಿ ಹೇಳಬೇಕಾಗಿದೆ.

ಈ ಯಂತ್ರಕ್ಕೆ ಹತ್ತಿರ ಹತ್ತಿರ ನೂರು ವರ್ಷ. ಅಂದಿನ ರಷ್ಯನ್ ಸಾಮ್ರಾಜ್ಯದ ಟಿಫ್ಲಿಸ್‌ನಲ್ಲಿ 1893ರಲ್ಲಿ ಹುಟ್ಟಿದ ಅರ್ಮೇನಿಯನ್ ಮೂಲದ ಎಂಜಿನಿಯರ್ ಆರ್ಮೈಸ್ ಅರುಟುನಾಫ್, ದ್ರವದೊಳಗೆ ಮುಳುಗಿದ್ದುಕೊಂಡೇ ಓಡುವ ವಿದ್ಯುತ್ ಮೋಟಾರಿನ ಬೆನ್ನು ಹತ್ತಿ, 1923ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. 1920ರ ದಶಕದ ಕೊನೆಗೆ ಕ್ಯಾನ್ಸಸ್ ರಾಜ್ಯದ ಎಲ್ ಡೊರಾಡೊ ಎಣ್ಣೆ ಕ್ಷೇತ್ರದಲ್ಲಿ ಅವರ ಪಂಪು ಬಾವಿಗಿಳಿಯಿತು. 1930ರಲ್ಲಿ ಓಕ್ಲಹೋಮದ ಬಾರ್ಟಲ್ಸ್‌ವಿಲ್‌ನಲ್ಲಿ ರೆಡಾ ಪಂಪ್ ಕಂಪನಿ ಹುಟ್ಟಿತು. ಅಂದಿನ ಮೂಲ ವಿನ್ಯಾಸವೇ ಇಂದಿಗೂ ಉಳಿದಿದೆ. ಎಲ್ಲಕ್ಕಿಂತ ಕೆಳಗೆ ಎಣ್ಣೆ ತುಂಬಿದ ಉದ್ದನೆಯ ಮೋಟಾರು. ಅದರ ಮೇಲೆ, ಮೋಟಾರಿನ ಎಣ್ಣೆಗೂ ಬಾವಿಯ ದ್ರವಕ್ಕೂ ನಡುವೆ ಗೋಡೆಯಾಗಿ ನಿಲ್ಲುವ ಪ್ರೊಟೆಕ್ಟರ್. ಅದರ ಮೇಲೆ ದ್ರವ ಒಳನುಗ್ಗುವ ಕಿಂಡಿ, ಅದರ ಮೇಲೆ ಪಂಪು. ಪಂಪಿನೊಳಗೆ ಒಂದರ ಮೇಲೊಂದು ಪೇರಿಸಿದ ಹಂತಗಳು. ಪ್ರತಿ ಹಂತದಲ್ಲೂ ತಿರುಗುವ ಇಂಪೆಲ್ಲರ್ ಒಂದು, ಕದಲದೆ ನಿಂತ ಡಿಫ್ಯೂಸರ್ ಒಂದು. ಒಂದು ಹಂತ ದ್ರವವನ್ನು ಎತ್ತಬಲ್ಲದ್ದು ಕೆಲವೇ ಮೀಟರ್. ಸಾವಿರ, ಎರಡು ಸಾವಿರ ಮೀಟರ್ ಆಳದಿಂದ ಎತ್ತಲು ನೂರಾರು ಹಂತ ಬೇಕು. ಇಷ್ಟೂ 5 ಅಥವಾ 7 ಇಂಚಿನ ಕೇಸಿಂಗ್ ಕೊಳವೆಯೊಳಗೆ ಹಿಡಿಸಬೇಕು. ಯಂತ್ರ ಉದ್ದವಾಗಬಹುದು, ದಪ್ಪವಾಗುವಂತಿಲ್ಲ. ಬೇರಿಂಗಿನ ಕಷ್ಟಗಳೆಲ್ಲ ಹುಟ್ಟುವುದು ಈ ಒಂದು ನಿರ್ಬಂಧದಿಂದ.

ಪಂಪಿನ ಒಂದು ತುಂಡು ಆರೇಳು ಮೀಟರ್ ಉದ್ದವಿದ್ದರೆ ಅದರೊಳಗಿನ ಶಾಫ್ಟಿನ ದಪ್ಪ 22 ಮಿಲಿಮೀಟರ್ ಇರಬಹುದು. ದಪ್ಪಕ್ಕೆ ಮುನ್ನೂರು ಪಟ್ಟು ಉದ್ದವಿರುವ ಇಂಥ ಸರಳು ಗಟ್ಟಿಯಾಗಿ ಕಂಡರೂ ತಿರುಗಲು ಶುರುವಾದ ಮೇಲೆ ಬಳುಕುವ ಸ್ವಭಾವದ್ದೇ. ಅದನ್ನು ಅಲ್ಲಲ್ಲಿ ಹಿಡಿದು ನಿಲ್ಲಿಸುವುದು ಸುತ್ತುಬೇರಿಂಗು: ಶಾಫ್ಟಿಗೆ ತೊಡಿಸಿದ ಒಂದು ಸ್ಲೀವ್, ಅದರ ಸುತ್ತ ಕದಲದ ಒಂದು ಬುಷ್, ಎರಡರ ನಡುವೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಅಂತರ. ಇಲ್ಲಿ ಗುಂಡುಗಳಿಲ್ಲ, ಗ್ರೀಸಿಲ್ಲ. ಬಾವಿಯಿಂದ ಏರಿ ಬರುವ ದ್ರವವೇ, ಅಂದರೆ ಎಣ್ಣೆ, ಉಪ್ಪುನೀರು, ಗ್ಯಾಸು, ಮರಳು ಎಲ್ಲ ಸೇರಿದ ಮಿಶ್ರಣವೇ, ಅದಕ್ಕೆ ಲೂಬ್ರಿಕೆಂಟು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಶಾಫ್ಟು ನಿಮಿಷಕ್ಕೆ ಸುಮಾರು 2900 ಸುತ್ತು ತಿರುಗುತ್ತದೆ. ಸ್ಲೀವಿನ ಹೊರವ್ಯಾಸ 28 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಮೇಲ್ಮೈ ಗಂಟೆಗೆ 15 ಕಿಲೋಮೀಟರ್, ದಿನಕ್ಕೆ 367 ಕಿಲೋಮೀಟರ್, ವರ್ಷಕ್ಕೆ ಸುಮಾರು 1,34,000 ಕಿಲೋಮೀಟರ್ ಉಜ್ಜಿಕೊಂಡು ಓಡುತ್ತದೆ. ಭೂಮಿಯ ಸುತ್ತಳತೆಯ ಮೂರು ಪಟ್ಟಿಗೂ ಹೆಚ್ಚಿನ ದೂರವಿದು. ನಡುವೆ ನಿಲ್ಲಿಸಿ ನೋಡುವ ಅವಕಾಶವಿಲ್ಲ, ಸವೆದದ್ದನ್ನು ಬದಲಿಸುವ ದಾರಿಯೂ ಇಲ್ಲ.

ನೆಟ್ಟಗಿರುವ ಬಾವಿಯಲ್ಲಿ ಇನ್ನೊಂದು ತೊಡಕಿದೆ. ಅಡ್ಡ ಮಲಗಿದ ಯಂತ್ರದಲ್ಲಿ ಶಾಫ್ಟಿನ ಭಾರ ಕೆಳಕ್ಕೆ ಒತ್ತುವುದರಿಂದ ದ್ರವದ ಪದರ ಒಂದು ಕಡೆ ಬಿಗಿಯಾಗಿ ಕೂತು ಶಾಫ್ಟನ್ನು ಸ್ಥಿರವಾಗಿ ಹೊರುತ್ತದೆ. ಲಂಬವಾಗಿ ನಿಂತ ಶಾಫ್ಟಿಗೆ ಅಂಥ ಒತ್ತಾಸೆ ಇರುವುದಿಲ್ಲ. ಅದು ಬುಷ್‌ನೊಳಗೆ ತನ್ನ ಅಕ್ಷದ ಮೇಲೆ ತಿರುಗುವುದರ ಜೊತೆಗೆ ಅಂತರದ ಸುತ್ತಲೂ ಓಲಾಡತೊಡಗುತ್ತದೆ. ಅಂತರ ಚಿಕ್ಕದಿದ್ದಷ್ಟು ಕಾಲ ಈ ಓಲಾಟ ಹದ್ದಿನಲ್ಲಿರುತ್ತದೆ. ಸವೆದು ಅಂತರ ಹಿಗ್ಗಿದರೆ ಓಲಾಟವೂ ಹಿಗ್ಗುತ್ತದೆ, ಓಲಾಟ ಹೆಚ್ಚಿದಷ್ಟೂ ಸವೆತ ಇನ್ನಷ್ಟು ಬಿರುಸಾಗುತ್ತದೆ. ಬೇರಿಂಗು ಒಂದೇ ಸಮನೆ ಸವೆದು ಮುಗಿಯುವ ವಸ್ತುವಲ್ಲ. ಬಹುಕಾಲ ಸದ್ದಿಲ್ಲದೆ ಇದ್ದು, ಒಂದು ಮಿತಿ ದಾಟಿದ ಮೇಲೆ ಬೇಗ ಬೇಗ ಹಾಳಾಗುತ್ತದೆ. ಆದ್ದರಿಂದ ನಿಜವಾದ ಗೆಲುವು ಇರುವುದು ಆ ಮಿತಿಯನ್ನು ಮುಟ್ಟುವ ದಿನವನ್ನು ಎಷ್ಟು ದೂರ ತಳ್ಳುತ್ತೇವೆ ಎಂಬುದರಲ್ಲಿ.

ಇನ್ನು ಮರಳಿನ ಲೆಕ್ಕ. ದಿನಕ್ಕೆ ಸಾವಿರ ಬ್ಯಾರೆಲ್ ಎಂದರೆ ಸುಮಾರು 1,59,000 ಲೀಟರ್ ದ್ರವ. ಅದರಲ್ಲಿ ಲೀಟರಿಗೆ ಬರೀ 50 ಮಿಲಿಗ್ರಾಂ ಮರಳಿದ್ದರೂ, ಪಂಪಿನ ಮೂಲಕ ದಿನಕ್ಕೆ 8 ಕಿಲೋ, ವರ್ಷಕ್ಕೆ 2,900 ಕಿಲೋ ಮರಳು ಹಾದುಹೋಗುತ್ತದೆ. ಬೇರಿಂಗಿನ ಅಂತರಕ್ಕಿಂತ ದೊಡ್ಡ ಕಣ ಒಳಗೇ ಬರುವುದಿಲ್ಲ. ತೀರಾ ನುಣ್ಣನೆಯದು ದ್ರವದ ಜೊತೆ ಹರಿದು ಹೋಗುತ್ತದೆ. ಅಪಾಯಕಾರಿ ಕಣವೆಂದರೆ ಅಂತರದಷ್ಟೇ ಗಾತ್ರದ್ದು. ಅದು ಬೀಸುವ ಕಲ್ಲುಗಳ ನಡುವೆ ಸಿಕ್ಕ ಕಾಳಿನ ಹಾಗೆ ಎರಡೂ ಮೇಲ್ಮೈಗಳಿಗೆ ಒತ್ತಿಕೊಂಡು ಉರುಳುತ್ತದೆ. ಅಲ್ಲಿ ಯಾರು ಯಾರನ್ನು ಸವೆಸುತ್ತಾರೆ ಎಂಬುದು ಗಟ್ಟಿತನದ ಪ್ರಶ್ನೆ. ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಸ್ ವಿಕರ್ಸ್ ಮಾನದಲ್ಲಿ ಸುಮಾರು 1100. ಪಂಪಿನ ಹಂತಗಳನ್ನು ಎರಕ ಹೊಯ್ಯಲು ಬಳಸುವ ನಿಕಲ್ ಮಿಶ್ರಿತ ಬೀಡುಕಬ್ಬಿಣ, ಅಂದರೆ ನಿ-ರೆಸಿಸ್ಟ್, 200ರ ಆಸುಪಾಸು. ಟಂಗ್‌ಸ್ಟನ್ ಕಾರ್ಬೈಡ್ 1300ಕ್ಕಿಂತ ಮೇಲೆ, ಸಿಲಿಕಾನ್ ಕಾರ್ಬೈಡ್ ಸುಮಾರು 2500. ಸವೆತದ ವಿಜ್ಞಾನ ಹೇಳುವ ಮುಖ್ಯ ಸಂಗತಿ ಒಂದಿದೆ: ಮೇಲ್ಮೈಯ ಗಟ್ಟಿತನ ಸ್ವಲ್ಪ ಸ್ವಲ್ಪವೇ ಹೆಚ್ಚಿದ ಹಾಗೆ ಸವೆತ ಅದೇ ಪ್ರಮಾಣದಲ್ಲಿ ಇಳಿಯುತ್ತ ಹೋಗುವುದಿಲ್ಲ. ಮೇಲ್ಮೈ ಕಣಕ್ಕಿಂತ ಮೆತ್ತಗಿರುವ ತನಕ ಕೆತ್ತಿಸಿಕೊಳ್ಳುತ್ತಲೇ ಇರುತ್ತದೆ. ಕಣದ ಗಟ್ಟಿತನವನ್ನು ಮೀರಿದ ಕೂಡಲೇ ಸವೆತ ಥಟ್ಟನೆ ಕುಸಿಯುತ್ತದೆ, ಪುಡಿಯಾಗುವ ಸರದಿ ಮರಳಿನದ್ದಾಗುತ್ತದೆ. 200ರ ಲೋಹದ ಬದಲು 400ರ ಲೋಹ ಹಾಕಿದರೆ ಕ್ವಾರ್ಟ್ಸ್‌ನ ಮುಂದೆ ದೊಡ್ಡ ಲಾಭವಿಲ್ಲ. ಗೆರೆ ದಾಟಬೇಕು. ಅದನ್ನು ದಾಟಿಸುವವು ಕಾರ್ಬೈಡು ಮತ್ತು ಸೆರಾಮಿಕ್ಕುಗಳೇ.

ಈ ಗೆರೆ ದಾಟದಿದ್ದರೆ ಏನಾಗುತ್ತದೆ ಎಂಬುದನ್ನು ಅನುಕ್ರಮವಾಗಿ ನೋಡಿದರೆ ಮೋಟಾರು ಸುಟ್ಟ ಕತೆ ಅರ್ಥವಾಗುತ್ತದೆ. ಬೇರಿಂಗು ಸವೆದು ಶಾಫ್ಟು ಓಲಾಡುತ್ತದೆ. ಇಂಪೆಲ್ಲರ್‌ಗಳು ಡಿಫ್ಯೂಸರ್‌ಗಳಿಗೆ ತಾಗಿ ಅವೂ ಸವೆಯುತ್ತವೆ; ಪಂಪು ಎತ್ತುವ ದ್ರವ ಕಡಿಮೆಯಾಗುತ್ತದೆ. ಅದೇ ನಡುಕ ಶಾಫ್ಟಿನಗುಂಟ ಕೆಳಗಿಳಿದು ಪ್ರೊಟೆಕ್ಟರಿನ ಮೆಕ್ಯಾನಿಕಲ್ ಸೀಲನ್ನು ಮುಟ್ಟುತ್ತದೆ. ಕನ್ನಡಿಯಷ್ಟು ನುಣುಪಾದ ಎರಡು ಮುಖಗಳು ಒಂದಕ್ಕೊಂದು ಅಂಟಿಕೊಂಡಂತೆ ತಿರುಗುವುದೇ ಸೀಲಿನ ಜೀವಾಳ. ನಡುಗಿದಾಗಲೆಲ್ಲ ಆ ಮುಖಗಳು ಕ್ಷಣಕಾಲ ಬೇರ್ಪಡುತ್ತವೆ, ಆ ಸಂದಿನಲ್ಲಿ ಬಾವಿಯ ಉಪ್ಪುನೀರು ಹನಿಹನಿಯಾಗಿ ಇಳಿದು ಮೋಟಾರಿನ ಎಣ್ಣೆಗೆ ಸೇರುತ್ತದೆ. ಸಾವಿರಾರು ವೋಲ್ಟಿನ ಸುರುಳಿಗೆ ಉಪ್ಪುನೀರು ತಾಗಿದರೆ ಇನ್ಸುಲೇಷನ್ ಸೋಲುತ್ತದೆ, ಶಾರ್ಟ್ ಆಗುತ್ತದೆ. ಇದರ ಅರಿವು ಉದ್ಯಮಕ್ಕಿದೆ. ಪಂಪು ಬಿಚ್ಚಿ ವರದಿ ಬರೆಯುವ ಕ್ರಮಕ್ಕೆಂದೇ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಪ್ರತ್ಯೇಕ ಶಿಫಾರಸು ಪ್ರಕಟಿಸಿದೆ. ಕೆನಡಾದ ಎಡ್ಮಂಟನ್‌ನಲ್ಲಿರುವ ಸಿ-ಫರ್ ಟೆಕ್ನಾಲಜೀಸ್ ನಡೆಸುವ, ಹಲವು ತೈಲ ಕಂಪನಿಗಳು ಸೇರಿ ಕಟ್ಟಿದ ವೈಫಲ್ಯ ದಾಖಲೆಯ ವ್ಯವಸ್ಥೆಯಲ್ಲಿ ಪಂಪನ್ನು ಯಾಕೆ ಮೇಲೆತ್ತಿದರು, ಕೆಟ್ಟ ಭಾಗ ಯಾವುದು, ಅದು ಹೇಗೆ ಕೆಟ್ಟಿತ್ತು, ಮೂಲ ಕಾರಣವೇನು ಎಂಬುದಕ್ಕೆ ಬೇರೆ ಬೇರೆ ಕಲಮುಗಳಿವೆ. ಆ ಕಲಮುಗಳನ್ನು ಪ್ರಾಮಾಣಿಕವಾಗಿ ತುಂಬಿದ ಕಡೆ ಮಾತ್ರ ಬೇರಿಂಗಿನ ಪಾಲು ಕಾಣುತ್ತದೆ. ಇಲ್ಲದಿದ್ದರೆ ದೂರು ಮೋಟಾರಿನ ಮೇಲೆ ಬೀಳುತ್ತದೆ, ಹೊಸ ಮೋಟಾರು ಬರುತ್ತದೆ, ಹಳೆಯ ಮಾದರಿಯ ಬೇರಿಂಗೇ ಮತ್ತೆ ಬಾವಿಗಿಳಿಯುತ್ತದೆ.

ಗಟ್ಟಿ ವಸ್ತುಗಳೇನೂ ಹೊಸ ಶೋಧಗಳಲ್ಲ. ಸಿಲಿಕಾನ್ ಕಾರ್ಬೈಡನ್ನು ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲೇ ತಯಾರಿಸಿದ್ದರು. ಕೋಬಾಲ್ಟಿನಿಂದ ಬೆಸೆದ ಟಂಗ್‌ಸ್ಟನ್ ಕಾರ್ಬೈಡಿಗೆ ಜರ್ಮನಿಯ ಓಸ್ರಾಮ್ ದೀಪದ ಕಂಪನಿಯ ಕಾರ್ಲ್ ಶ್ರೋಟರ್ 1923ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ದೀಪದ ತಂತಿ ಎಳೆಯುವ ಅಚ್ಚುಗಳಿಗೆ ಸವೆಯದ ವಸ್ತು ಬೇಕಾಗಿತ್ತು. ಅದನ್ನೇ ಕ್ರುಪ್ ಕಂಪನಿ ವಿಡಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಪೀಣ್ಯದ ಲೇತ್ ಕೆಲಸದವರಿಗೆ ವಿಡಿಯಾ ಟಿಪ್ ಎಂದರೆ ಇವತ್ತಿಗೂ ಬಿಡಿಸಿ ಹೇಳಬೇಕಾಗಿಲ್ಲ. ತುಮಕೂರು ರಸ್ತೆಯ ವಿಡಿಯಾ ಕಾರ್ಖಾನೆ 1960ರ ದಶಕದಿಂದ ಬೆಂಗಳೂರಿನಲ್ಲೇ ಕಾರ್ಬೈಡ್ ಉಪಕರಣಗಳನ್ನು ಮಾಡುತ್ತ ಬಂದದ್ದು, ಇಂದು ಕೆನ್ನಾಮೆಟಲ್ ಇಂಡಿಯಾ. ಕಬ್ಬಿಣವನ್ನು ಕತ್ತರಿಸುವ ಆ ವಸ್ತುವನ್ನೇ ಸ್ಲೀವ್ ಮತ್ತು ಬುಷ್ ಆಗಿ ರೂಪಿಸಿ, ಪಂಪಿನ ತಲೆ ಮತ್ತು ಬುಡದಲ್ಲಿ ಮಾತ್ರ ಕೂರಿಸಬಹುದು. ಅಥವಾ ಮರಳು ಹೆಚ್ಚಿದ್ದರೆ ಕೆಲವು ಹಂತಗಳಿಗೊಂದರಂತೆ ಉದ್ದಕ್ಕೂ ಕೂರಿಸಬಹುದು. ಜಿರ್ಕೋನಿಯಾ ಸೆರಾಮಿಕ್ಕನ್ನೂ ಹೀಗೆ ಬಳಸಿದ್ದಾರೆ. ಅದು ಕ್ವಾರ್ಟ್ಸ್‌ಗಿಂತ ತುಸುವೇ ಗಟ್ಟಿ, ಆದರೆ ಬಿರುಕಿಗೆ ಸುಲಭವಾಗಿ ಬಗ್ಗದ ಸೆರಾಮಿಕ್ಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಗಟ್ಟಿಯಾದದ್ದು ಒಡೆಯುತ್ತದಲ್ಲ? ನಿಜ, ಇದು ಗಂಭೀರವಾದ ಆಕ್ಷೇಪ. ಕಾರ್ಬೈಡು ಒತ್ತಡ ತಾಳುತ್ತದೆ, ಎಳೆತ ಮತ್ತು ಪೆಟ್ಟು ತಾಳುವುದಿಲ್ಲ. ಲಾರಿಯಿಂದ ಇಳಿಸುವಾಗ ಉದ್ದನೆಯ ಪಂಪು ಬಾಗಿದರೂ ಒಳಗಿನ ಬುಷ್ ಬಿರುಕು ಬಿಡಬಹುದು. ದೊಡ್ಡ ಗ್ಯಾಸ್ ಗುಳ್ಳೆ ಬಂದು ಬೇರಿಂಗು ಕೆಲವು ಕ್ಷಣ ಒಣಗಿ ಕಾದು, ಮರುಕ್ಷಣ ದ್ರವ ಬಡಿದರೆ ಶಾಖದ ಆಘಾತಕ್ಕೆ ಸೀಳಬಹುದು. ಬಿಸಿಗೆ ಹಿಗ್ಗುವ ಪ್ರಮಾಣದ ವ್ಯತ್ಯಾಸ ಇನ್ನೂ ಸೂಕ್ಷ್ಮವಾದ ತೊಂದರೆ: ನಿ-ರೆಸಿಸ್ಟ್ ಎರಕ ಹಿಗ್ಗುವುದು ಟಂಗ್‌ಸ್ಟನ್ ಕಾರ್ಬೈಡಿನ ಮೂರು ಪಟ್ಟಿಗೂ ಹೆಚ್ಚು. 30 ಮಿಲಿಮೀಟರ್ ವ್ಯಾಸದ ಬುಷ್ ಮೇಲ್ಗಡೆಯ ವರ್ಕ್‌ಶಾಪಿನಲ್ಲಿ ಬಿಗಿಯಾಗಿ ಕೂತಿದ್ದರೂ, ಬಾವಿಯಾಳದಲ್ಲಿ ಉಷ್ಣತೆ 100 ಡಿಗ್ರಿ ಹೆಚ್ಚಾದರೆ ಸುಮಾರು 0.04 ಮಿಲಿಮೀಟರಿನಷ್ಟು ಬಿಗಿ ಕಳೆದುಕೊಳ್ಳುತ್ತದೆ. ಆಗ ಬುಷ್ ತನ್ನ ಗೂಡಿನಲ್ಲೇ ತಿರುಗಿ, ಬೇರಿಂಗು ಸವೆಯದಿದ್ದರೂ ಗೂಡು ಸವೆಯುತ್ತದೆ. ಕೋಬಾಲ್ಟ್ ಬೆಸುಗೆಯ ಕಾರ್ಬೈಡು ಆಮ್ಲೀಯ ಉಪ್ಪುನೀರಿನಲ್ಲಿ ಬೆಸುಗೆಯನ್ನೇ ಕಳೆದುಕೊಳ್ಳುವ ಭಯವೂ ಇದೆ. ಅಂಥ ಕಡೆ ನಿಕಲ್ ಬೆಸುಗೆಯದು ಬೇಕು. ಆದರೆ ಇವೆಲ್ಲ ಗಟ್ಟಿ ಬೇರಿಂಗನ್ನು ಬೇಡವೆನ್ನುವ ಕಾರಣಗಳಲ್ಲ, ಅದನ್ನು ಸರಿಯಾಗಿ ಮಾಡಬೇಕೆನ್ನುವ ಕಾರಣಗಳು. ಬುಷ್ ತಿರುಗದಂತೆ ಕೀಲಿ ಹಾಕುವುದು, ಗೂಡಿನ ನಡುವೆ ಕೊಂಚ ಬಗ್ಗುವ ಪದರವಿಟ್ಟು ಪೆಟ್ಟನ್ನು ನುಂಗಿಸುವುದು, ದ್ರವ ಸದಾ ಹರಿಯುವಂತೆ ಕಾಲುವೆ ಕೊರೆಯುವುದು ಈಗ ರೂಢಿಯಲ್ಲಿರುವ ಉಪಾಯಗಳು. ಬರೀ ‘ಕಾರ್ಬೈಡ್ ಬೇರಿಂಗ್ ಇದೆ’ ಎಂಬ ಕಂಪನಿಯ ಮಾತಿಗೆ ಖರೀದಿದಾರರು ತೃಪ್ತರಾಗಬಾರದು. ಎಷ್ಟು ಹಂತಕ್ಕೊಂದು, ಯಾವ ಬೆಸುಗೆ, ಹೇಗೆ ಕೂರಿಸಿದ್ದೀರಿ ಎಂದು ಕೇಳಬೇಕು.

ಎರಡನೆಯ ಆಕ್ಷೇಪ ಉಲ್ಟಾ ದಿಕ್ಕಿನದು: ಗಟ್ಟಿಯೇ ಯಾಕೆ, ಮೆತ್ತಗಿನದು ಸಾಲದೇ? ನೀರಿನ ಪಂಪುಗಳಲ್ಲಿ, ಹಡಗಿನ ಶಾಫ್ಟುಗಳಲ್ಲಿ ಗೀರುಗಾಲುವೆಗಳಿರುವ ರಬ್ಬರ್ ಬೇರಿಂಗು ದಶಕಗಳಿಂದ ಚೆನ್ನಾಗಿ ಕೆಲಸ ಮಾಡಿದೆ. ಮರಳಿನ ಕಣ ಸಿಕ್ಕಿದರೆ ರಬ್ಬರು ಬಗ್ಗುತ್ತದೆ, ಕಣ ಉರುಳಿ ಕಾಲುವೆಗೆ ಬಿದ್ದು ನೀರಿನ ಜೊತೆ ಹೋಗುತ್ತದೆ. ಎಣ್ಣೆ ಬೆರೆಯದ ತಣ್ಣನೆಯ ನೀರಿಗೆ ಇದು ಜಾಣ ಪರಿಹಾರವೇ ಹೌದು. ಎಣ್ಣೆಬಾವಿಯಲ್ಲಿ ಮಾತ್ರ ರಬ್ಬರು ಎಣ್ಣೆ ಕುಡಿದು ಉಬ್ಬುತ್ತದೆ, ಬಿಸಿಗೆ ಸೆಡೆಯುತ್ತದೆ, ಒತ್ತಡದಲ್ಲಿ ಹೀರಿಕೊಂಡ ಗ್ಯಾಸು ಒತ್ತಡ ಇಳಿದಾಗ ಹೊರಬರುತ್ತ ಅದನ್ನು ಒಳಗಿಂದಲೇ ಹರಿಯುತ್ತದೆ. ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಮರಳನ್ನು ಅದು ಬಾವಿಗೆ ನುಗ್ಗುವ ಜಾಗದಲ್ಲೇ ತಡೆಯಿರಿ, ಪಂಪನ್ನು ಯಾಕೆ ಮರಳಿಗೆ ಒಡ್ಡುತ್ತೀರಿ? ಜಾಲರಿ ಹಾಕಬೇಕು, ಜಲ್ಲಿಪದರ ತುಂಬಬೇಕು, ಬಾವಿಯನ್ನು ಆತುರದಿಂದ ಎಳೆಯಬಾರದು, ಎಲ್ಲ ಒಪ್ಪತಕ್ಕದ್ದು. ಆದರೆ ಜಾಲರಿಯ ಕಣ್ಣು ಚಿಕ್ಕದಾದಷ್ಟೂ ಬೇಗ ಕಟ್ಟಿಕೊಂಡು ಉತ್ಪಾದನೆ ಬೀಳುತ್ತದೆ. ದೊಡ್ಡದಾದರೆ ಬೇರಿಂಗಿನ ಅಂತರಕ್ಕೆ ಸರಿಹೊಂದುವ ಸಣ್ಣ ಮರಳೇ ತೂರಿ ಬರುತ್ತದೆ. ಪಶ್ಚಿಮ ಸೈಬೀರಿಯದಲ್ಲಿ, ರಷ್ಯಾದ ಎಣ್ಣೆಯ ಬಹುಪಾಲು ಇಂಥ ಪಂಪುಗಳಿಂದಲೇ ಮೇಲೆ ಬರುವ ಕ್ಷೇತ್ರಗಳಲ್ಲಿ, ಸೀಳಿದ ಬಂಡೆ ಮತ್ತೆ ಮುಚ್ಚಿಕೊಳ್ಳದಂತೆ ಮನುಷ್ಯರೇ ಒಳಗೆ ತುಂಬಿದ ಕಣಗಳು ವಾಪಸು ಬಂದು ಪಂಪನ್ನು ಕೊರೆಯುತ್ತವೆ. ಮರಳು ತಡೆಯುವುದು ಮತ್ತು ಮರಳು ತಾಳುವುದು ಒಂದಕ್ಕೊಂದು ಬದಲಿಯಲ್ಲ, ಎರಡೂ ಬೇಕು.

ಕೊನೆಯ ಆಕ್ಷೇಪ ಹಣದ್ದು. ಗಟ್ಟಿ ಬೇರಿಂಗುಗಳಿರುವ ಪಂಪು ಸಾಮಾನ್ಯ ಪಂಪಿಗಿಂತ ದುಬಾರಿ, ಎಲ್ಲ ಬಾವಿಗೂ ಅದು ಬೇಕಾಗುವುದೂ ಇಲ್ಲ. ಮುಂಬೈ ಹೈನ ಮುಖ್ಯ ನಿಕ್ಷೇಪ ಸುಣ್ಣಕಲ್ಲು. ಅಂಥ ಶಿಲೆಯಲ್ಲಿ ಮರಳು ಮೊದಲ ಶತ್ರುವಲ್ಲ. ಬಿಸಿ ಅಥವಾ ಹೈಡ್ರೋಜನ್ ಸಲ್ಫೈಡ್ ಕೇಬಲನ್ನು ತಿನ್ನುವ ಬಾವಿಯಲ್ಲಿ ಬೇರಿಂಗಿಗೆ ಹಣ ಸುರಿದರೆ ಪ್ರಯೋಜನವಿಲ್ಲ. ಆದರೆ ರಾಜಸ್ಥಾನದ ಬಾಡಮೇರಿನಲ್ಲಿ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆ ಶುರುಮಾಡಿದ ಮಂಗಳಾ ಕ್ಷೇತ್ರದ ಎಣ್ಣೆ ಇರುವುದು ಫತೇಗಢ ಮರಳುಗಲ್ಲಿನಲ್ಲಿ. ಮರಳುಗಲ್ಲಿನ ಬಾವಿಗೆ ಪಂಪು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಮರಳಿನದು. ಲೆಕ್ಕ ತಪ್ಪುವುದು ಟೆಂಡರಿನಲ್ಲಿ. ಅತಿ ಕಡಿಮೆ ದರ ಕೂಗಿದವರಿಗೆ ಆದೇಶ ಹೋಗುವ ಪದ್ಧತಿಯಲ್ಲಿ ಪಂಪಿನ ಬೆಲೆ ಒಂದು ಕಡತದಲ್ಲಿ, ಅದನ್ನು ಮೇಲೆತ್ತುವ ರಿಗ್ಗಿನ ಬಾಡಿಗೆ ಇನ್ನೊಂದು ಕಡತದಲ್ಲಿ, ಬಾವಿ ನಿಂತ ದಿನಗಳ ಎಣ್ಣೆಯ ನಷ್ಟ ಮೂರನೆಯ ಕಡತದಲ್ಲಿ ಕೂತಿರುತ್ತದೆ. ಮೂರನ್ನೂ ಕೂಡಿಸುವವರಿಲ್ಲದಾಗ ಅಗ್ಗದ ಪಂಪು ಗೆಲ್ಲುತ್ತದೆ. ನೆಲದ ಮೇಲಿನ ಬಾವಿಯಲ್ಲೇ ರಿಗ್ಗಿಗಾಗಿ ಕಾಯುವ ದಿನಗಳು ಹೊರೆ. ಆಳ ಕಡಲಿನಲ್ಲಿ ಒಮ್ಮೆ ಪಂಪು ಬದಲಿಸುವ ಖರ್ಚು ಹತ್ತಾರು ಲಕ್ಷ ಡಾಲರ್ ದಾಟುತ್ತದೆ. ಆ ಮೊತ್ತದ ಮುಂದೆ ಬೇರಿಂಗಿನ ಹೆಚ್ಚುವರಿ ಬೆಲೆ ನಗಣ್ಯ.

ಎಣ್ಣೆಯ ಯುಗವೇ ಮುಗಿಯುತ್ತಿರುವಾಗ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಎಣ್ಣೆಯ ಬಳಕೆ ಇಳಿಯಲಿ ಎಂದು ಬಯಸುವವರಿಗೂ ಈ ವಿಷಯ ಹೊರತಲ್ಲ. ಮುದಿಯಾದ ಬಾವಿಗಳಲ್ಲಿ ಎಣ್ಣೆಗಿಂತ ನೀರೇ ಹತ್ತಾರು ಪಟ್ಟು ಹೆಚ್ಚು ಏರಿ ಬರುತ್ತದೆ. ಸವೆದ ಪಂಪು ಅದೇ ದ್ರವಕ್ಕೆ ಹೆಚ್ಚು ವಿದ್ಯುತ್ ತಿನ್ನುತ್ತದೆ. ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ಭೂಶಾಖದ ಬಿಸಿನೀರನ್ನು ಮೇಲೆತ್ತಿ ಮನೆಗಳನ್ನು ಬೆಚ್ಚಗಿಡುವುದೂ ಇದೇ ವಂಶದ ಪಂಪುಗಳು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಸಾವಿರ ಅಡಿ ಮೀರಿದ ಬೋರ್‌ವೆಲ್‌ಗಳಲ್ಲಿ ಇಳಿಬಿಟ್ಟಿರುವ ಪಂಪಿಗೂ ತತ್ವ ಒಂದೇ: ಅಲ್ಲೂ ಸಣ್ಣ ಕೊಳವೆ, ಉದ್ದ ಶಾಫ್ಟು, ಬಾವಿಯ ನೀರೇ ಪಂಪಿನ ಬುಷ್‌ಗಳಿಗೆ ಲೂಬ್ರಿಕೆಂಟು, ಗ್ರಾನೈಟಿನ ಪುಡಿಯಲ್ಲಿರುವುದು ಅದೇ ಕ್ವಾರ್ಟ್ಸು. ಅಲ್ಲಿ ಕಾರ್ಬೈಡ್ ಬೇರಿಂಗು ಬೇಕೆಂಬುದು ನನ್ನ ವಾದವಲ್ಲ. ಆ ಬೆಲೆಗೆ ರಬ್ಬರು, ಕಂಚು, ಕಾರ್ಬನ್ ಬುಷ್‌ಗಳೇ ಸರಿ. ಆದರೆ ಮೋಟಾರು ಸುಟ್ಟಿತೆಂದು ವೈಂಡಿಂಗ್ ಅಂಗಡಿಗೆ ಒಯ್ಯುವ ರೈತರು, ಸುರುಳಿ ಸುತ್ತಿಸುವ ಮುನ್ನ ಬುಷ್ ಸವೆದಿದೆಯೇ, ಶಾಫ್ಟು ಅಲುಗಾಡುತ್ತದೆಯೇ, ಪಂಪಿನ ತಳದಲ್ಲಿ ಮರಳು ಕೂತಿದೆಯೇ ಎಂದು ಒಮ್ಮೆ ಬಿಚ್ಚಿಸಿ ನೋಡಬೇಕು. ವೋಲ್ಟೇಜ್ ಕುಸಿತ, ಒಣ ಓಟ ಕೂಡ ಸುರುಳಿ ಸುಡುತ್ತವೆ, ನಿಜ. ಕಾರಣ ಯಾವುದೆಂದು ನೋಡದೆ ಸುತ್ತಿಸಿದ ಸುರುಳಿಗೆ ಮುಂದಿನ ಬೇಸಿಗೆಯ ಭರವಸೆ ಇಲ್ಲ.

ಎಣ್ಣೆ ಕಂಪನಿಗಳು, ಅದರಲ್ಲೂ ಸಾರ್ವಜನಿಕ ಹಣದಿಂದ ನಡೆಯುವವು, ಮಾಡಬೇಕಾದ್ದು ಮೂರು ಕೆಲಸ. ಬಾವಿಯಿಂದ ಬರುವ ಮರಳನ್ನು ನಿಯಮಿತವಾಗಿ ಅಳೆದು, ಕಣದ ಗಾತ್ರದ ಸಮೇತ ಟೆಂಡರ್ ದಾಖಲೆಯಲ್ಲಿ ಬರೆಯಬೇಕು. ಕೆಟ್ಟ ಪ್ರತಿ ಪಂಪಿನ ಬೇರಿಂಗಿನ ಅಂತರವನ್ನು ಅಳೆದು ವರದಿಯಲ್ಲಿ ದಾಖಲಿಸಬೇಕು; ‘ಮೋಟಾರ್ ಸುಟ್ಟಿದೆ’ ಎಂದಷ್ಟೇ ಇರುವ ವರದಿಯನ್ನು ವಾಪಸು ಕಳಿಸಬೇಕು. ಮತ್ತು ದರ ಹೋಲಿಸುವಾಗ ಪಂಪಿನ ಬೆಲೆಗೆ ರಿಗ್ಗಿನ ಖರ್ಚನ್ನೂ ಬಾವಿ ನಿಂತ ದಿನಗಳ ನಷ್ಟವನ್ನೂ ಕೂಡಿಸಿ, ಓಡಿದ ಪ್ರತಿ ದಿನಕ್ಕೆ ಬಿದ್ದ ವೆಚ್ಚವೆಷ್ಟು ಎಂದು ಕೇಳಬೇಕು. ಈ ಮೂರಕ್ಕೂ ಹೊಸ ಶೋಧ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಅಳತೆ ಮಾಡುವ ಶಿಸ್ತು, ಕೂಡಿಸುವ ಮನಸ್ಸು ಇದ್ದರೆ ಸಾಕು.